ಮನೆಯ ಮಾತು ಮತ್ತು ಮಕ್ಕಳ ವೀರರು

ಮಕ್ಕಳ ಮನಸ್ಸು ವೀರನೊಬ್ಬನನ್ನು ಅರಸದೆ ಇರಲಾರದು. ಎಂಟು ಹತ್ತು ವರ್ಷದ ಹುಡುಗನಿಗಾಗಲಿ ಹುಡುಗಿಗಾಗಲಿ ತನ್ನ ಶಕ್ತಿಯ ಮಿತಿ ಚೆನ್ನಾಗಿ ಗೊತ್ತಿರುವುದು. ಅಟ್ಟದ ಮೇಲಿನ ಡಬ್ಬಿ ಎಟುಕುವುದಿಲ್ಲ. ಬೀದಿಯ ದೊಡ್ಡ ಹುಡುಗರನ್ನು ಎದುರಿಸಲಾಗುವುದಿಲ್ಲ. ಹಿರಿಯರು ಬೇಡವೆಂದುದನ್ನು ಮಾಡುವಂತಿಲ್ಲ. ಆದುದರಿಂದಲೇ ಆಕಾಶದಲ್ಲಿ ಹಾರಬಲ್ಲವನನ್ನೂ ಬೆಟ್ಟವನ್ನು ಎತ್ತಬಲ್ಲವನನ್ನೂ ಕಂಡರೆ ಮಕ್ಕಳಿಗೆ ಅಷ್ಟೊಂದು ಪ್ರೀತಿ. ಇದು ಇಂದು ಹುಟ್ಟಿದ ಜಾಡ್ಯವಲ್ಲ. ಪರದೇಶದಿಂದ ಬಂದ ಅಂಟುರೋಗವೂ ಅಲ್ಲ. ಆದಾಗ್ಯೂ ಈಚೆಗೆ ತಾಯಿತಂದೆಗಳು ನಾಲ್ವರು ಸೇರಿದ ಕಡೆಯಲ್ಲೆಲ್ಲ ಒಂದೇ ದೂರು ಕೇಳಿಬರುತ್ತಿದೆ: ಮಕ್ಕಳು ಜೇಡನ ವೇಷದ ಹುಡುಗನ ಹುಚ್ಚಿನಲ್ಲಿ, ಲೋಹದ ಕವಚದ ಯೋಧನ ಹುಚ್ಚಿನಲ್ಲಿ, ಮೊಬೈಲ್ ಫೋನಿನ ವಿಡಿಯೋಗಳ ಹುಚ್ಚಿನಲ್ಲಿ ಊಟವನ್ನೂ ಓದನ್ನೂ ಮರೆಯುತ್ತಿದ್ದಾರೆ, ಇದನ್ನು ತಡೆಯುವುದು ಹೇಗೆ? ತಡೆಯುವ ಮೊದಲು ಈ ಹುಚ್ಚಿನ ಸ್ವರೂಪವೇನೆಂಬುದನ್ನು ಸ್ವಲ್ಪ ವಿಚಾರಿಸುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಸಂಡೂರು ತಾಲ್ಲೂಕಿನ ದೋಣಿಮಲೈಯನ್ನೇ ನೋಡಿರಿ. ೧೯೭೭ರಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದವರ ಕಬ್ಬಿಣದ ಅದಿರಿನ ಗಣಿ ಇಲ್ಲಿ ಆರಂಭವಾಯಿತು. ಗಣಿಯೊಡನೆ ಕೆಲಸಗಾರರ ಮನೆಗಳ ಊರೊಂದು ಬೆಳೆಯಿತು. ಗಣಿಯ ಊರೆಂದ ಮೇಲೆ ನಾನಾ ಕಡೆಯ ಸಂಸಾರಗಳು ಬಂದು ನೆಲೆಸುವುದು ಸಹಜ. ಮೊದಲೇ ಈ ಬಳ್ಳಾರಿಯ ಸೀಮೆ ಕನ್ನಡಕ್ಕೂ ತೆಲುಗಿಗೂ ಗಡಿ. ಉರ್ದುವೂ ಲಂಬಾಣಿಯೂ ಇಲ್ಲಿ ಮನೆಮಾತುಗಳು. ಇಂತಹ ಊರಿನ ಮಗುವು ಬೀದಿಯಲ್ಲಿ ಒಂದು ಮಾತನ್ನೂ ಶಾಲೆಯಲ್ಲಿ ಇನ್ನೊಂದನ್ನೂ ಅಡಿಗೆಯ ಮನೆಯಲ್ಲಿ ಮತ್ತೊಂದನ್ನೂ ಆಡುತ್ತ ಬೆಳೆಯುವುದು. ಇದು ಭಾಗ್ಯವೇ ಹೊರತು ಕೊರತೆಯಲ್ಲ. ಆದರೆ ಆ ಮಗುವಿಗೆ ಅತ್ಯಂತ ಪ್ರಿಯನಾದ ವೀರನು ಯಾವ ಮಾತನ್ನು ಆಡುತ್ತಾನೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆ ವೀರನು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಮಾತ್ರ ಮಾತನಾಡುವನಾದರೆ, ಮನೆಯಲ್ಲಿ ಕನ್ನಡವೊಂದನ್ನೇ ಬಲ್ಲ ಅಜ್ಜಿಗೆ ಮೊಮ್ಮಗನ ಸಂತೋಷದಲ್ಲಿ ಪಾಲಿಲ್ಲ. ಮೊಮ್ಮಗನು ನಗುವುದು ಏಕೆಂದು ಆಕೆಗೆ ತಿಳಿಯದು. ಅಳುವುದು ಏಕೆಂದೂ ತಿಳಿಯದು. ನಮ್ಮ ಅಭಿಪ್ರಾಯದಲ್ಲಿ ಮನೆಗಳಲ್ಲಿ ಆಗುತ್ತಿರುವ ನಿಜವಾದ ನಷ್ಟವು ಇದು. ಹುಡುಗನು ಹಾರುವ ಮನುಷ್ಯನನ್ನು ಮೆಚ್ಚಿದುದಲ್ಲ.

ಈ ಸೀಮೆಗೆ ವೀರಾಭಿಮಾನವನ್ನು ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ. ಹಂಪೆಯ ಆಚೆ ದಡದಲ್ಲಿ, ಆನೆಗೊಂದಿಯ ಸಮೀಪದಲ್ಲಿರುವ ಅಂಜನಾದ್ರಿಯನ್ನು ಇಲ್ಲಿಯ ಜನರು ಹನುಮಂತನು ಹುಟ್ಟಿದ ಸ್ಥಳವೆಂದು ನಂಬಿರುವರು. ಸೂರ್ಯನನ್ನು ಹಣ್ಣೆಂದು ತಿಳಿದು ಹಾರಿದ ಶಿಶು, ಸಮುದ್ರವನ್ನು ಲಂಘಿಸಿದ ದೂತ, ಬೆಟ್ಟವನ್ನೇ ಕಿತ್ತು ತಂದ ವೈದ್ಯಸಹಾಯಕ: ಇವನಿಗಿಂತ ದೊಡ್ಡ ಹಾರುವ ವೀರನನ್ನು ಯಾವ ದೇಶದ ಚಿತ್ರಪುಸ್ತಕವು ಕೊಟ್ಟಿದೆ?

ಹನುಮಂತನು ದೇವರಾದನು. ಕಂಪಿಲಿಯ ಕುಮಾರರಾಮನಾದರೋ ಮನುಷ್ಯನೇ. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಕಂಪಿಲರಾಯನ ಮಗನಾಗಿದ್ದ ಈತನು, ಬೊಲ್ಲನೆಂಬ ಕುದುರೆಯನ್ನೇರಿದ ಶೂರನೆಂದೂ, ಪರನಾರಿಸಹೋದರನೆಂದೂ ಜನರ ಬಾಯಲ್ಲಿ ಉಳಿದನು. ಮಹಮ್ಮದ್ ಬಿನ್ ತುಘಲಕನ ಸೈನ್ಯದೆದುರಿಗೆ ೧೩೨೭ರ ಸುಮಾರಿನಲ್ಲಿ ಕಂಪಿಲಿಯ ರಾಜ್ಯವು ಅಳಿಯಿತು. ಆದರೆ ಸೋತ ರಾಜ್ಯದ ರಾಜಕುಮಾರನು ಕಥೆಯಲ್ಲಿ ಸೋಲಲಿಲ್ಲ. ನಂಜುಂಡನೆಂಬ ಕವಿಯು ಅವನನ್ನು ಸಾಂಗತ್ಯದಲ್ಲಿ ಹಾಡಿದನು. ಎಲ್ಲಿಯದೋ ಮಲೆನಾಡಿನ ಹಳ್ಳಿಗಳಲ್ಲಿ ಸಹ ಅವನ ಮುಖಗಳನ್ನು ಮರದಲ್ಲಿ ಕೆತ್ತಿಸಿ ಪೂಜಿಸುವ ಪದ್ಧತಿಯುಂಟು. ೨೦೦೬ರಲ್ಲಿ ‘ಗಂಡುಗಲಿ ಕುಮಾರರಾಮ’ ಎಂಬ ಚಲಚ್ಚಿತ್ರವೂ ಬಂದಿತು. ಸುಮಾರು ಏಳು ನೂರು ವರ್ಷಗಳ ಕಾಲ ಒಬ್ಬ ವೀರನ ಅಭಿಮಾನಿಗಳು ತೀರಿಹೋಗದೆ ಉಳಿದರೆಂದರೆ ಅದು ಸಾಮಾನ್ಯವೇ?

ಈ ವೀರರನ್ನು ಜನರು ಕಂಡ ಬಗೆಯನ್ನು ಗಮನಿಸತಕ್ಕದ್ದು. ಬಯಲಾಟವಿರಲಿ, ತೊಗಲುಗೊಂಬೆಯ ಆಟವಿರಲಿ, ಊರಿಗೆ ಊರೇ ಒಂದು ಕಡೆ ಕುಳಿತು ನೋಡುತ್ತಿತ್ತು. ಬಿಳಿಯ ಪರದೆಯ ಹಿಂದೆ ದೀಪ; ಮುಂದೆ ತೊಡೆಯ ಮೇಲೆ ಮಲಗಿದ ಕೂಸಿನಿಂದ ಹಿಡಿದು ಹಲ್ಲಿಲ್ಲದ ಮುದುಕನವರೆಗೆ ಎಲ್ಲರೂ. ಹುಡುಗನಿಗೆ ತಿಳಿಯದ ಪ್ರಸಂಗವನ್ನು ಪಕ್ಕದಲ್ಲಿದ್ದ ಅಜ್ಜನು ಹೇಳುತ್ತಿದ್ದನು. ಅಜ್ಜನಿಗೆ ನಿದ್ರೆ ಬಂದರೆ ಲಂಕಾದಹನಕ್ಕೆ ಹುಡುಗನು ಎಬ್ಬಿಸುತ್ತಿದ್ದನು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ೨೦೨೩ರಲ್ಲಿ ತೀರಿಕೊಳ್ಳುವವರೆಗೂ ಈ ಕಲೆಯನ್ನು ನಡೆಸಿಕೊಂಡು ಬಂದರು. ರಾಮಾಯಣದ ಗೊಂಬೆಗಳ ಜತೆಗೆ ಸ್ವಾತಂತ್ರ್ಯಸಂಗ್ರಾಮದ ಗೊಂಬೆಗಳನ್ನೂ ಮಾಡಿ ಆಡಿಸಿದರು. ವೀರನು ಹೊಸಬನಾದರೂ ಚಿಂತೆಯಿಲ್ಲ, ಪರದೆಯ ಮುಂದಿನ ಜನರಿಗೆ ಅವನ ಮಾತು ತಿಳಿಯಬೇಕು ಎಂಬುದು ಅವರಿಗೆ ಗೊತ್ತಿತ್ತು.

ಇನ್ನು ಪರದೇಶದ ವೀರರ ಹುಟ್ಟನ್ನು ನೋಡೋಣ. ೧೯೩೮ರಲ್ಲಿ ಅಮೆರಿಕದಲ್ಲಿ ಸೂಪರ್‌ಮ್ಯಾನನು ಮೊದಲು ಕಾಣಿಸಿಕೊಂಡನು. ಅವನನ್ನು ಸೃಷ್ಟಿಸಿದವರು ಕ್ಲೀವ್‌ಲೆಂಡ್ ನಗರದ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು. ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಸೀಗೆಲನು ಹುಡುಗನಾಗಿದ್ದಾಗಲೇ ವಿಜ್ಞಾನಕಥೆಗಳ ಹುಚ್ಚು ಹತ್ತಿಸಿಕೊಂಡು, ತಾನೇ ಒಂದು ಸಣ್ಣ ಪತ್ರಿಕೆಯನ್ನು ಯಂತ್ರದಲ್ಲಿ ಪ್ರತಿಮಾಡಿ ಹಂಚುತ್ತಿದ್ದನು. ಬೇರೊಂದು ಗ್ರಹದಿಂದ ಬಂದು, ಪರವೂರಿನಲ್ಲಿ ಬೆಳೆದು, ಹಗಲೆಲ್ಲ ಸಾಮಾನ್ಯ ನೌಕರನಂತೆ ಇದ್ದು, ಸಮಯ ಬಂದಾಗ ಎಲ್ಲರನ್ನೂ ಕಾಪಾಡುವ ಆ ವೀರನಲ್ಲಿ ವಲಸೆಗಾರರ ಮಕ್ಕಳ ಆಸೆಯೇ ರೂಪುಗೊಂಡಿದೆಯೆಂದರೆ ತಪ್ಪಾಗಲಾರದು. ಆ ವೀರನ ಹಕ್ಕನ್ನು ಅವರು ೧೩೦ ಡಾಲರಿಗೆ ಮಾರಿದರೆಂಬುದು ಬೇರೆಯ ಮಾತು. ದೂರದ ಊರುಗಳಿಂದ ತಂದೆತಾಯಿಗಳೊಡನೆ ಗಣಿಯ ಊರಿಗೆ ಬಂದ ಮಗುವು ಇಂತಹ ವೀರನನ್ನು ಮೆಚ್ಚಿದರೆ ನಾವು ಆಶ್ಚರ್ಯಪಡತಕ್ಕದ್ದೇನಿದೆ?

ಕನ್ನಡವು ಈ ವಿಷಯದಲ್ಲಿ ಹಿಂದೆ ಬಿದ್ದಿತ್ತೆಂದು ತಿಳಿಯಬಾರದು. ‘ಚಂದಮಾಮ’ದ ಕನ್ನಡ ಸಂಚಿಕೆ ೧೯೪೯ರಲ್ಲಿಯೇ ಬಂದು, ಬೇತಾಳನನ್ನು ಹೆಗಲಿಗೇರಿಸಿಕೊಂಡ ವಿಕ್ರಮನನ್ನು ಮನೆಮನೆಗೆ ಮುಟ್ಟಿಸಿತು. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು ‘ಅಮರ ಚಿತ್ರ ಕಥೆ’ಯ ಸಂಪಾದಕರಾಗಿ ದೇಶಕ್ಕೆಲ್ಲ ಬೇಕಾದವರಾದರೆಂಬುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೊಂದುಂಟು. ಆ ಮಾಲೆಯ ಮೊದಲನೆಯ ಹತ್ತು ಪುಸ್ತಕಗಳು ಬಂದುದು ೧೯೬೫ರಲ್ಲಿ, ಬೆಂಗಳೂರಿನ ಜಿ. ಕೆ. ಅನಂತರಾಮ್ ಎಂಬವರ ಪ್ರಯತ್ನದಿಂದ, ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಪ್ರಸಿದ್ಧವಾದ ‘ಕೃಷ್ಣ’ದ ಮೇಲೆ ಹನ್ನೊಂದನೆಯ ಸಂಖ್ಯೆ ಇರುವುದಕ್ಕೆ ಇದೇ ಕಾರಣ. ಬೆಳ್ಳಿತೆರೆಯ ಮೇಲೆ ೧೯೬೮ರ ‘ಜೇಡರ ಬಲೆ’ಯಿಂದ ರಾಜಕುಮಾರರು ಸಿ. ಐ. ಡಿ. ೯೯೯ ಆಗಿ ಹುಡುಗರ ಎದೆಯಲ್ಲಿ ನೆಲೆಸಿದರು. ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವಿಜ್ಞಾನಕಥೆಗಳನ್ನು ಬರೆದರು. ಬೀಜವಿತ್ತು, ನೆಲವೂ ಇತ್ತು. ಬೆಳೆ ಮಾತ್ರ ಸಾಲದಾಯಿತು.

ಬೆಳೆ ಸಾಲದಾದುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಬಿಡಿಸಿ ಹೇಳುವುದು ಅವಶ್ಯ. ೧೯೬೦ರ ದಶಕದಲ್ಲಿ ಕನ್ನಡದ ಚಿತ್ರೋದ್ಯಮವು ಎಳೆಯ ಗಿಡ. ಚಿತ್ರಗಳು ಬಹುಮಟ್ಟಿಗೆ ಮದ್ರಾಸಿನಲ್ಲಿ ತಯಾರಾಗುತ್ತಿದ್ದುವು. ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡದ ಧ್ವನಿಯನ್ನು ಕೂಡಿಸಿ ಬಿಟ್ಟುಬಿಟ್ಟರೆ ಇಲ್ಲಿಯ ನಟರೂ ಕೆಲಸಗಾರರೂ ಅನ್ನವಿಲ್ಲದೆ ಹೋಗುವರೆಂಬ ಭಯವು ನ್ಯಾಯವಾದುದೇ ಆಗಿತ್ತು. ಅ. ನ. ಕೃಷ್ಣರಾಯರಂತಹ ಸಾಹಿತಿಗಳೂ ರಾಜಕುಮಾರರಂತಹ ನಟರೂ ಡಬ್ಬಿಂಗಿನ ವಿರುದ್ಧ ನಿಂತರು. ಕಾನೂನೇನೂ ಆಗಲಿಲ್ಲ, ಆದರೂ ಆ ಕಟ್ಟು ಕಾನೂನಿಗಿಂತ ಬಲವಾಗಿ ನಿಂತಿತು. ಗಿಡವು ಮರವಾಯಿತೆಂಬುದು ನಿಜ. ಆದರೆ ಬೇಲಿಯನ್ನು ಯಾವಾಗ ತೆಗೆಯಬೇಕೆಂಬ ಯೋಚನೆಯನ್ನು ಬಹುಕಾಲ ಯಾರೂ ಮಾಡಲಿಲ್ಲ.

ಇದರ ಫಲವನ್ನು ಅನುಭವಿಸಿದವರಲ್ಲಿ ಮಕ್ಕಳು ಮುಖ್ಯರು. ದೂರದರ್ಶನದಲ್ಲಿ ೧೯೯೭ರಿಂದ ೨೦೦೫ರವರೆಗೆ ಬಂದ ‘ಶಕ್ತಿಮಾನ್’ ಹಿಂದಿಯಲ್ಲಿ ಮಾತನಾಡಿದನು. ಅಮೆರಿಕದ ವೀರರು ಹಿಂದಿಯನ್ನೂ ತೆಲುಗನ್ನೂ ತಮಿಳನ್ನೂ ಕಲಿತರು, ಕನ್ನಡವನ್ನು ಕಲಿಯಲಿಲ್ಲ. ಬಳ್ಳಾರಿ ಹೊಸಪೇಟೆಗಳ ಹುಡುಗನಿಗೆ ಜೇಡರ ಮನುಷ್ಯನು ತೆಲುಗಿನವನೋ ಹಿಂದಿಯವನೋ ಆದನು. ೨೦೦೯ರಲ್ಲಿ ಚಿಂಟು ಟಿವಿ ಆರಂಭವಾಗಿ ಕಾರ್ಟೂನುಗಳು ಕನ್ನಡದಲ್ಲಿ ಮಾತನಾಡತೊಡಗಿದಾಗ ಚಿಕ್ಕ ಮಕ್ಕಳಿಗೆ ಕೊಂಚ ಅನುಕೂಲವಾಯಿತು. ದೊಡ್ಡವರಿಗೆ ಬಾಗಿಲು ಮುಚ್ಚಿಯೇ ಇತ್ತು. ೨೦೧೨ರಲ್ಲಿ ಆಮೀರ್ ಖಾನರ ‘ಸತ್ಯಮೇವ ಜಯತೇ’ ಅನೇಕ ಭಾಷೆಗಳಲ್ಲಿ ಪ್ರಸಾರವಾದರೂ ಕನ್ನಡದಲ್ಲಿ ಆಗಲಿಲ್ಲ. ಕನ್ನಡ ಗ್ರಾಹಕರ ಕೂಟದವರು ಭಾರತದ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ೨೦೧೫ನೆಯ ಜುಲೈ ೨೭ರಂದು ಆಯೋಗವು, ಡಬ್ಬಿಂಗನ್ನು ಹೀಗೆ ತಡೆಯುವುದು ಸ್ಪರ್ಧೆಯ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ೨೦೧೭ರ ಮಾರ್ಚಿಯಲ್ಲಿ ತಮಿಳಿನಿಂದ ಬಂದ ‘ಸತ್ಯದೇವ್ ಐಪಿಎಸ್’ ತೆರೆಕಂಡಿತು. ೨೦೨೦ರಲ್ಲಿ, ರೋಗಭಯದಿಂದ ಜನರೆಲ್ಲ ಮನೆಯೊಳಗೆ ಕುಳಿತಿದ್ದಾಗ, ಹಿಂದಿಯ ‘ಮಹಾಭಾರತ’ ಧಾರಾವಾಹಿಯು ಕನ್ನಡದ ಮಾತಿನಲ್ಲಿ ಬಂದಿತು. ೨೦೨೧ರಲ್ಲಿ ಮಲೆಯಾಳದ ‘ಮಿನ್ನಲ್ ಮುರಳಿ’ಯ ದರ್ಜಿಯು, ಸಿಡಿಲು ಬಡಿದು ವೀರನಾದವನು, ಕನ್ನಡದಲ್ಲಿಯೂ ಮಾತನಾಡಿದನು. ೨೦೨೨ರ ‘ಅವತಾರ್’ ಎರಡನೆಯ ಭಾಗವೂ ೨೦೨೩ರಲ್ಲಿ ಹತ್ತು ಭಾಷೆಗಳಲ್ಲಿ ಬಂದ ಸ್ಪೈಡರ್‌ಮ್ಯಾನ್ ಚಿತ್ರವೂ ಕನ್ನಡವನ್ನು ಬಿಡಲಿಲ್ಲ.

ಇದನ್ನು ನಾವು ಜಯಘೋಷವಾಗಿ ಹೇಳುತ್ತಿಲ್ಲ. ಅನುವಾದದ ಮಾತು ಎಷ್ಟೋ ವೇಳೆ ಬಿಗುವಾಗಿ, ಬಾಯಿಗೂ ಶಬ್ದಕ್ಕೂ ಹೊಂದಿಕೆಯಿಲ್ಲದೆ ಕೇಳುವುದುಂಟು. ಕನ್ನಡದ ನೆಲದಲ್ಲಿಯೇ ಹುಟ್ಟಿದ ವೀರನಿಗೆ ಎರವಲು ವೀರನು ಸಮನಾಗಲಾರನು. ೨೦೨೪ರಲ್ಲಿ ತೆಲುಗಿನವರು ‘ಹನುಮಾನ್’ ಎಂಬ ಚಿತ್ರವನ್ನು ಮಾಡಿ, ತಮ್ಮ ವೀರನ ಕಾಲ್ಪನಿಕ ಹಳ್ಳಿಗೆ ಅಂಜನಾದ್ರಿಯೆಂದೇ ಹೆಸರಿಟ್ಟರು. ಅಂಜನಾದ್ರಿಯ ಬುಡದಲ್ಲಿರುವ ನಾವು ಯಾವ ಕಥೆಯನ್ನು ಮಾಡಿದೆವೆಂದು ಕೇಳಿಕೊಳ್ಳುವುದು ಒಳ್ಳೆಯದು. ಆದರೆ ಕೇಳುವವರೇ ಇಲ್ಲದ ಭಾಷೆಯಲ್ಲಿ ಹೇಳುವವರು ಹುಟ್ಟಲಾರರು. ಹಾರುವ ವೀರನೊಬ್ಬನು ಕನ್ನಡದಲ್ಲಿ ಮಾತನಾಡಬಲ್ಲನೆಂಬ ನಂಬಿಕೆಯೇ ಇಲ್ಲದ ಹುಡುಗನು ಮುಂದೆ ಕನ್ನಡದಲ್ಲಿ ಅಂತಹ ಕಥೆಯನ್ನು ಬರೆಯುವುದು ಹೇಗೆ?

ಹಿರಿಯರ ಭಯಕ್ಕೂ ಉತ್ತರ ಹೇಳಬೇಕಷ್ಟೆ. ಅಮೆರಿಕದಲ್ಲಿ ೧೯೫೪ರಲ್ಲಿ ಫ್ರೆಡರಿಕ್ ವರ್ಥಾಮ್ ಎಂಬ ಮನೋವೈದ್ಯರು, ಕಾಮಿಕ್ಸ್ ಪುಸ್ತಕಗಳು ಮಕ್ಕಳನ್ನು ಅಪರಾಧಿಗಳನ್ನಾಗಿ ಮಾಡುತ್ತವೆಂದು ಗ್ರಂಥವನ್ನು ಬರೆದರು. ದೇಶವೇ ನಡುಗಿತು, ಶಾಸನಸಭೆಯವರು ವಿಚಾರಣೆ ನಡೆಸಿದರು, ಪ್ರಕಾಶಕರು ತಮಗೆ ತಾವೇ ಕಟ್ಟುನಿಟ್ಟಿನ ನಿಯಮಗಳನ್ನು ಹಾಕಿಕೊಂಡರು. ೨೦೧೨ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಕ್ಯಾರೊಲ್ ಟಿಲಿ ಎಂಬ ವಿದುಷಿಯು ವರ್ಥಾಮರ ಕಾಗದಪತ್ರಗಳನ್ನು ಪರೀಕ್ಷಿಸಿ, ಅವರು ಮಕ್ಕಳ ಹೇಳಿಕೆಗಳನ್ನು ತಮ್ಮ ವಾದಕ್ಕೆ ಅನುಕೂಲವಾಗುವಂತೆ ಮಾರ್ಪಡಿಸಿದ್ದರೆಂದು ತೋರಿಸಿದರು. ಭಯದಿಂದ ಮಾಡಿದ ನಿಷೇಧವು ಅನೇಕ ವೇಳೆ ಇಂತಹ ಆಧಾರದ ಮೇಲೆಯೇ ನಿಂತಿರುವುದು.

ಹಾಗೆಂದು ಅಪಾಯವೇ ಇಲ್ಲವೆನ್ನಲಾಗದು. ಶಕ್ತಿಮಾನನು ಬಂದು ಕಾಪಾಡುವನೆಂದು ನಂಬಿ ಮಕ್ಕಳು ಅಪಾಯಕ್ಕೆ ಕೈಹಾಕಿದರೆಂಬ ವರದಿಗಳು ಆ ಕಾಲದ ಪತ್ರಿಕೆಗಳಲ್ಲಿ ಬಂದುವು. ಆ ಪಾತ್ರವನ್ನು ವಹಿಸಿದ್ದ ಮುಕೇಶ್ ಖನ್ನಾ ಅವರೇ ತೆರೆಯ ಮೇಲೆ ಬಂದು, ಹೀಗೆ ಮಾಡಬೇಡಿರೆಂದು ಮಕ್ಕಳಿಗೆ ಬುದ್ಧಿ ಹೇಳಬೇಕಾಯಿತು. ಕಥೆ ಯಾವುದು, ನಿಜ ಯಾವುದು ಎಂಬುದನ್ನು ಎಳೆಯ ಮಗುವಿಗೆ ಪೆಟ್ಟಿಗೆಯು ಹೇಳಿಕೊಡಲಾರದು. ಪಕ್ಕದಲ್ಲಿ ಕುಳಿತವರು ಹೇಳಬೇಕು. ತೊಗಲುಗೊಂಬೆಯ ಪರದೆಯ ಮುಂದೆ ಅಜ್ಜನು ಮಾಡುತ್ತಿದ್ದ ಕೆಲಸವೇ ಇದು. ಈಗ ಪರದೆಯು ಅಂಗೈಯಷ್ಟಾಗಿದೆ. ಅದರ ಮುಂದೆ ಒಬ್ಬರಿಗೆ ಮಾತ್ರ ಸ್ಥಳ. ಒಂದು ವಿಡಿಯೋ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಬಂದು ನಿಲ್ಲುವುದು. ಬಯಲಾಟಕ್ಕಾದರೆ ಮಂಗಳವಿತ್ತು, ಇದಕ್ಕೆ ಮಂಗಳವನ್ನು ಮನೆಯವರೇ ಹಾಡಬೇಕಾಗಿದೆ.

ಈ ಸಣ್ಣ ಪರದೆಯಿಂದಲೂ ಒಳ್ಳೆಯದಾಗಬಹುದೆಂಬುದಕ್ಕೆ ಉದಾಹರಣೆ ಬೇಕಾದರೆ, ‘ಡಾಕ್ಟರ್ ಬ್ರೋ’ ಎಂದು ಹೆಸರಾದ ಗಗನ್ ಶ್ರೀನಿವಾಸ್ ಎಂಬ ತರುಣರನ್ನು ನೋಡಬಹುದು. ಬಟ್ಟೆಯ ಮೇಲೆ ಮಿಂಚಿನ ಗುರುತಿಲ್ಲ, ಹಾರುವ ಶಕ್ತಿಯೂ ಇಲ್ಲ. ಆಫ್ಘಾನಿಸ್ತಾನವನ್ನೂ ಆಫ್ರಿಕದ ದೇಶಗಳನ್ನೂ ಸುತ್ತಿ, ಕಂಡುದನ್ನು ಹಳ್ಳಿಯ ಕನ್ನಡದಲ್ಲಿ ಹೇಳುವರು. ಆ ವಿಡಿಯೋಗಳನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಬಹುದು. ಆಫ್ರಿಕದ ಸಂತೆಯನ್ನು ಕಂಡ ಅಜ್ಜಿಯು ಅದನ್ನು ಸಂಡೂರಿನ ಸಂತೆಯೊಡನೆ ಹೋಲಿಸಿ ಮಾತನಾಡಬಲ್ಲಳು. ಮೊಮ್ಮಗನು ಭೂಪಟವನ್ನು ತೆಗೆದು ಆ ದೇಶವನ್ನು ತೋರಿಸಬಲ್ಲನು. ಭಾಷೆಯೊಂದು ಸೇರಿದುದರಿಂದ ಮೂರು ತಲೆಮಾರುಗಳು ಒಂದೇ ಪರದೆಯ ಮುಂದೆ ಕೂಡಿದಂತಾಯಿತು.

ಆದಕಾರಣ ಗೃಹಸ್ಥರಿಗೂ ಗೃಹಿಣಿಯರಿಗೂ ನಮ್ಮ ಸೂಚನೆಗಳು ಇಷ್ಟು. ಮೊದಲನೆಯದಾಗಿ, ಮಕ್ಕಳ ವೀರನನ್ನು ಹಳಿಯಬೇಡಿರಿ. ಅವನ ಹೆಸರೇನು, ಅವನ ಶತ್ರು ಯಾರು, ಅವನಿಗಿರುವ ದೌರ್ಬಲ್ಯವೇನು ಎಂದು ಕೇಳಿರಿ. ಎರಡನೆಯದಾಗಿ, ಚಿತ್ರಕ್ಕೆ ಕನ್ನಡದ ಧ್ವನಿ ಇದೆಯೆ ಎಂದು ನೋಡಿ ಅದನ್ನೇ ಹಾಕಿರಿ. ಇಲ್ಲದಿದ್ದರೆ, ನೋಡಿದ ಕಥೆಯನ್ನು ರಾತ್ರಿ ಊಟದ ಹೊತ್ತಿನಲ್ಲಿ ಅಜ್ಜಿಗೆ ಮನೆಯ ಮಾತಿನಲ್ಲಿ ಹೇಳುವ ಕೆಲಸವನ್ನು ಮಗುವಿಗೆ ಒಪ್ಪಿಸಿರಿ. ಮನೆಯ ಮಾತು ತೆಲುಗಾದರೆ ತೆಲುಗಿನಲ್ಲಿ, ಲಂಬಾಣಿಯಾದರೆ ಲಂಬಾಣಿಯಲ್ಲಿ ಹೇಳಲಿ. ಇದಕ್ಕಿಂತ ಒಳ್ಳೆಯ ಭಾಷಾಭ್ಯಾಸವನ್ನು ನಾವರಿಯೆವು. ಮೂರನೆಯದಾಗಿ, ಫೋನು ಮಲಗುವ ಕೋಣೆಗೆ ಹೋಗದೆ ನಡುಮನೆಯಲ್ಲಿಯೇ ಇರಲಿ. ಇಷ್ಟು ಹೊತ್ತೆಂದು ಮೊದಲೇ ಗೊತ್ತುಮಾಡಿ, ಆ ಹೊತ್ತಿಗೆ ನಿಲ್ಲಿಸುವ ನಿಯಮವನ್ನು ದೊಡ್ಡವರೂ ಪಾಲಿಸಲಿ. ನಾಲ್ಕನೆಯದಾಗಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಮನೆಗಳನ್ನು ಗೀಚಿಕೊಟ್ಟು, ದೋಣಿಮಲೈಯ ಗುಡ್ಡದ ಮೇಲೆ ಇಳಿಯುವ ಹೊಸ ವೀರನೊಬ್ಬನ ಕಥೆಯನ್ನು ಬರೆಯಹೇಳಿರಿ. ಕ್ಲೀವ್‌ಲೆಂಡಿನ ಆ ಇಬ್ಬರು ಹುಡುಗರೂ ಮೊದಲು ಅಭಿಮಾನಿಗಳೇ ಆಗಿದ್ದರು. ಬರೆಯುವ ಅಭಿಮಾನವು ಅವರನ್ನು ಕರ್ತೃಗಳನ್ನಾಗಿ ಮಾಡಿತು. ಐದನೆಯದಾಗಿ, ರಜೆಯ ದಿನಗಳಲ್ಲಿ ಒಮ್ಮೆ ಅಂಜನಾದ್ರಿಯ ಮೆಟ್ಟಿಲುಗಳನ್ನು ಹತ್ತಿಸಿರಿ. ಇನ್ನೊಮ್ಮೆ ಕಂಪಿಲಿಯ ಕಡೆಗೆ ಕರೆದುಕೊಂಡು ಹೋಗಿ ಕುಮಾರರಾಮನ ಕಥೆಯನ್ನು ಹೇಳಿರಿ. ಹೇಳುವುದಕ್ಕೆ ನಿಮಗೆ ಬಾರದಿದ್ದರೆ ಊರಿನ ಹಿರಿಯರನ್ನು ಕೇಳಿ ಕಲಿತುಕೊಳ್ಳಿರಿ, ಅವರೂ ಸಂತೋಷಪಡುವರು.

ಮಕ್ಕಳು ದೊಡ್ಡವರಾದ ಮೇಲೆ ವೀರರನ್ನು ಬಿಡುವರು. ಬಟ್ಟೆಯ ಮೇಲಿನ ಜೇಡನ ಚಿತ್ರ ಮಾಸಿಹೋಗುವುದು. ಆದರೆ ಆ ವೀರನ ವಿಷಯವನ್ನು ಮನೆಯಲ್ಲಿ ಯಾರೊಡನೆ ಮಾತನಾಡಿದೆವು, ಯಾರು ಕಿವಿಗೊಟ್ಟು ಕೇಳಿದರು, ಯಾರು ನಕ್ಕು ತಳ್ಳಿಹಾಕಿದರು ಎಂಬುದನ್ನು ಅವರು ಮರೆಯಲಾರರು. ಹದಿಮೂರು ಹದಿನಾಲ್ಕನೆಯ ವಯಸ್ಸಿನಲ್ಲಿ ನಿಜವಾದ ಕಷ್ಟವೊಂದು ಬಂದಾಗ, ಅದನ್ನು ತಾಯಿತಂದೆಗಳ ಹತ್ತಿರ ಹೇಳಿಕೊಳ್ಳುವ ಅಭ್ಯಾಸವು ಹಾರುವ ಮನುಷ್ಯನ ಕಥೆಯನ್ನು ಹೇಳಿದ ದಿನಗಳಲ್ಲಿಯೇ ಬೆಳೆದಿರಬೇಕು. ಇದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡು, ಈ ತಿಂಗಳು ಒಂದು ಸಂಜೆಯನ್ನಾದರೂ ಮಕ್ಕಳ ವೀರನಿಗಾಗಿ ಮೀಸಲಿಡುವರೆಂದು ನಂಬಿದ್ದೇವೆ.